ಹೆಲೀನ್ ಚಂಡಮಾರುತದ ನಂತರ ಆ್ಯಶ್‌ವಿಲ್‌ಗೆ ಹೋಗುವವರಿಗೆ

2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲೋರಿಡಾದ ಕರಾವಳಿಗೆ ಅಪ್ಪಳಿಸಿದ ಹೆಲೀನ್ ಚಂಡಮಾರುತವು ಮರುದಿನ ಬೆಳಿಗ್ಗೆ ಸಮುದ್ರದಿಂದ ಬಹುದೂರವಿರುವ ನಾರ್ತ್ ಕ್ಯಾರೊಲಿನಾದ ಬೆಟ್ಟಸೀಮೆಯನ್ನು ಧ್ವಂಸ ಮಾಡಿತು. ಚಂಡಮಾರುತ ಬರುವ ಮೊದಲೇ ಸುರಿದಿದ್ದ ಮಳೆಯಿಂದ ನೆಲ ನೆನೆದು ತುಂಬಿಹೋಗಿತ್ತು. ಆಮೇಲೆ ಬಿದ್ದ ನೀರೆಲ್ಲ ಇಂಗದೆ ನೇರವಾಗಿ ಕಣಿವೆಗಳಿಗೆ ಇಳಿಯಿತು. ಆ್ಯಶ್‌ವಿಲ್ ನಗರದಲ್ಲಿ ಫ್ರೆಂಚ್ ಬ್ರಾಡ್ ನದಿಯು 24.67 ಅಡಿಗೆ ಏರಿ 1916ರ ಮಹಾಪ್ರವಾಹದ ದಾಖಲೆಯನ್ನೂ ಮೀರಿತು. ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಎಲೆಗಳು ಕೆಂಪು ಹಳದಿಗೆ ತಿರುಗುವ ಅಕ್ಟೋಬರ್ ತಿಂಗಳಲ್ಲಿ ಶಾರ್ಲೆಟ್, ರಾಲೀ, ಅಟ್ಲಾಂಟಾಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಕಾರು ಹತ್ತಿ ಹೋಗುತ್ತಿದ್ದ ಊರು ಇದು. ಇಷ್ಟು ನೋವುಂಡ ಊರಿಗೆ ಪ್ರವಾಸಕ್ಕೆಂದು ಹೋಗುವುದು ಸರಿಯೇ ಎಂಬ ಅಳುಕು ಸಹಜವಾದದ್ದು, ಗೌರವದಿಂದ ಹುಟ್ಟಿದ್ದು. ಆದರೂ ಹೋಗಬೇಕು ಎಂಬುದೇ ನನ್ನ ಅಭಿಪ್ರಾಯ. ಆ ಊರಿನ ಬಹಳಷ್ಟು ಮನೆಗಳ ಒಲೆ ಉರಿಯುವುದು ಪ್ರವಾಸಿಗರಿಂದ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ, ಏನೂ ಹಾನಿಯಾಗದ ಹೋಂಸ್ಟೇಗಳೂ ಖಾಲಿ ಬಿದ್ದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಯಾವಾಗ ಹೋಗಬೇಕು, ಎಲ್ಲಿ ಖರ್ಚು ಮಾಡಬೇಕು, ಎಲ್ಲಿಗೆ ಹೋಗಬಾರದು ಎಂಬುದನ್ನು ಮಾತ್ರ ತಿಳಿದು ಹೊರಡಬೇಕು.

ಚಂಡಮಾರುತಕ್ಕೆ ಸಿಕ್ಕಿದ ಯಾವುದೇ ಊರಿಗೆ ಹೊರಡುವ ಮುನ್ನ ಮೊದಲು ವಿಚಾರಿಸಬೇಕಾದದ್ದು ನಲ್ಲಿಯ ನೀರನ್ನು. ಆ್ಯಶ್‌ವಿಲ್‌ನಲ್ಲಿ ನಾರ್ತ್ ಫೋರ್ಕ್ ಜಲಾಶಯದಿಂದ ಬರುವ ದೊಡ್ಡ ಕೊಳವೆಗಳೇ ಕೊಚ್ಚಿಹೋದವು. 2004ರ ಪ್ರವಾಹದ ಪಾಠ ಕಲಿತು ಆಳದಲ್ಲಿ ಹೂತಿದ್ದ ಪರ್ಯಾಯ ಕೊಳವೆಯೂ ಉಳಿಯಲಿಲ್ಲ. ಕೊಳವೆಗಳನ್ನು ಜೋಡಿಸಿದ ಮೇಲೂ ಜಲಾಶಯದ ನೀರಿನಲ್ಲಿ ಕದಡಿದ್ದ ಜೇಡಿಮಣ್ಣು ವಾರಗಟ್ಟಲೆ ತಳ ಸೇರಲಿಲ್ಲವಾದ್ದರಿಂದ, ನಲ್ಲಿಯಲ್ಲಿ ಬರುತ್ತಿದ್ದ ನೀರು ಶೌಚಾಲಯಕ್ಕೆ ಆಗುತ್ತಿತ್ತೇ ಹೊರತು ಕುಡಿಯಲು ಆಗುತ್ತಿರಲಿಲ್ಲ. ಕುಡಿಯುವ ನೀರು ಮರಳಿ ಬಂದದ್ದು 53 ದಿನಗಳ ನಂತರ, ನವೆಂಬರ್ 18ರಂದು. ಅಂತಹ ದಿನಗಳಲ್ಲಿ ಹೋಗುವ ಪ್ರವಾಸಿ, ಊರಿನವರ ಪಾಲಿನ ನೀರಿನಲ್ಲಿ, ಪೆಟ್ರೋಲಿನಲ್ಲಿ, ಹೋಟೆಲ್ ಕೋಣೆಯಲ್ಲಿ ಪಾಲು ಕೇಳಿದಂತೆಯೇ ಸರಿ. ನಗರಾಡಳಿತವು ನೀರು ಕುಡಿಯಲು ಯೋಗ್ಯವೆಂದು ಪ್ರಕಟಿಸಿ, ಊರಿನವರೇ ‘ಬನ್ನಿ’ ಎಂದು ಕರೆಯತೊಡಗಿದ ಮೇಲೆ ಕೋಣೆ ಕಾಯ್ದಿರಿಸಿ. ಕರೆದ ಮೇಲೆ ಮಾತ್ರ ತಡಮಾಡಬೇಡಿ, ಏಕೆಂದರೆ ಅಂಗಡಿಯವರಿಗೆ ಅತಿ ಕಷ್ಟದ ತಿಂಗಳುಗಳು ಅವೇ.

ಈ ಊರಿನ ಏರುತಗ್ಗನ್ನು ಅರಿತರೆ ಮಿಕ್ಕದ್ದೆಲ್ಲ ಸುಲಭವಾಗುತ್ತದೆ. ಪೇಟೆಯ ನಡುಭಾಗವು ನದಿಗಿಂತ ಬಹಳ ಎತ್ತರದಲ್ಲಿರುವುದರಿಂದ ಅಲ್ಲಿಗೆ ಪ್ರವಾಹ ತಲುಪಲಿಲ್ಲ; ಅಲ್ಲಷ್ಟೇ ಓಡಾಡಿ ಬಂದವರಿಗೆ ಇಲ್ಲೇನೂ ಆಗಿಲ್ಲ ಎನಿಸಬಹುದು. ಅಲ್ಲಿಂದ ಕೆಳಗಿಳಿದು ನದಿ ದಂಡೆಯ ರಿವರ್ ಆರ್ಟ್ಸ್ ಡಿಸ್ಟ್ರಿಕ್ಟ್‌ಗೆ ಬಂದರೆ, ಹಳೆಯ ಕಾರ್ಖಾನೆ ಕಟ್ಟಡಗಳಲ್ಲಿ ಚಿತ್ರಕಾರರು, ಕುಂಬಾರಿಕೆಯವರು, ಗಾಜಿನ ಕೆಲಸದವರು ನಡೆಸುತ್ತಿದ್ದ ಕಾರ್ಯಾಗಾರಗಳ ಬಹುಪಾಲನ್ನು ನೀರು ಹೊಕ್ಕಿದ್ದು ತಿಳಿಯುತ್ತದೆ. ತಲೆಯೆತ್ತಿ ನೋಡಬೇಕಾದಷ್ಟು ಎತ್ತರಕ್ಕೆ ನೀರು ನಿಂತಿತ್ತು. ಸ್ವಾನನೋವಾ ನದಿ ಉಕ್ಕಿ ಮುಳುಗಿಸಿದ ಬಿಲ್ಟ್‌ಮೋರ್ ವಿಲೇಜಿನ ಕಥೆಯೂ ಇದೇ. ಹಾಗಾಗಿ ನಿಮ್ಮ ಹಣವನ್ನು ನೀರು ಹೊಕ್ಕ ಕಡೆಗೆ ಒಯ್ಯಿರಿ. ಮತ್ತೆ ಬಾಗಿಲು ತೆರೆದ ಕಾರ್ಯಾಗಾರದಲ್ಲಿ ಮಾಡಿದವರ ಕೈಯಿಂದಲೇ ಒಂದು ಮಣ್ಣಿನ ಬಟ್ಟಲು ಕೊಂಡರೆ, ಆ ಹಣ ಮಧ್ಯವರ್ತಿಗಳಿಲ್ಲದೆ ಅವರ ಕುಲುಮೆ, ಕರೆಂಟಿನ ಬಿಲ್ಲು, ಬಾಡಿಗೆಗಳಿಗೆ ಸೇರುತ್ತದೆ. ಜಾಗ ಕಳೆದುಕೊಂಡ ಕಲಾವಿದರಲ್ಲಿ ಹಲವರು ಬೇರೆಡೆಗೆ ಹೋಗಿದ್ದಾರೆ. ಈಗ ಎಲ್ಲಿದ್ದಾರೆಂದು ಪಕ್ಕದ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ತಿಳಿಯುತ್ತದೆ.

ರಸ್ತೆಯ ವಿಷಯದಲ್ಲಿ ಫೋನಿನ ನಕ್ಷೆಯನ್ನೇ ಕಣ್ಣುಮುಚ್ಚಿ ನಂಬಬಾರದು. ಶಾರ್ಲೆಟ್ ಕಡೆಯಿಂದ ಬರುವವರಿಗೆ ನಕ್ಷೆಯು ಕೆಲವೊಮ್ಮೆ ಲೇಕ್ ಲೂರ್, ಚಿಮ್ನಿ ರಾಕ್, ಬ್ಯಾಟ್ ಕೇವ್ ಮೂಲಕ ಹಾಯುವ ಕಣಿವೆಯ ದಾರಿಯನ್ನು ತೋರಿಸುತ್ತದೆ. ಆ ರಸ್ತೆಯನ್ನು ನದಿ ತುಂಡು ತುಂಡಾಗಿ ಕಿತ್ತುಕೊಂಡು ಹೋಗಿತ್ತು. ಹಾದುಹೋಗಲಷ್ಟೇ ಆದರೆ ಆ ದಾರಿಯನ್ನು ಬಿಟ್ಟು, ಇಂಟರ್‌ಸ್ಟೇಟ್ 26 ಅಥವಾ 40ನ್ನು ಹಿಡಿಯುವುದು ಒಳ್ಳೆಯದು. ಟೆನೆಸ್ಸೀ ಕಡೆಯಿಂದ ಬರುವವರು ಪಿಜನ್ ನದಿಯ ಕಮರಿಯಲ್ಲಿ ನಿಧಾನಕ್ಕೆ ಸಿದ್ಧರಾಗಿರಬೇಕು. ಅಲ್ಲಿ ಇಂಟರ್‌ಸ್ಟೇಟ್ 40ರ ಒಂದು ಮಗ್ಗುಲೇ ನದಿಗೆ ಕುಸಿದಿತ್ತು. 2025ರ ಮಾರ್ಚ್ 1ರಂದು ದಿಕ್ಕಿಗೊಂದೇ ಪಥದಂತೆ, ಗಂಟೆಗೆ 35 ಮೈಲಿಯ ಮಿತಿಯೊಂದಿಗೆ ಅದನ್ನು ತೆರೆದರು. ಹೊರಡುವ ದಿನ ಬೆಳಿಗ್ಗೆ ರಾಜ್ಯ ಸಾರಿಗೆ ಇಲಾಖೆಯ ‘ಡ್ರೈವ್ ಎನ್‌ಸಿ’ ಜಾಲತಾಣವನ್ನು ನೋಡಿ. ಬೆಟ್ಟಗಳ ನಡುವೆ ಸಿಗ್ನಲ್ ಕೈಕೊಡುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಬೆಟ್ಟಸಾಲಿನ ಮೇಲೆ ಹಾಯುವ 469 ಮೈಲಿ ಉದ್ದದ ವಿಹಾರ ರಸ್ತೆ ಬ್ಲೂ ರಿಜ್ ಪಾರ್ಕ್‌ವೇ ಮೇಲೆ ಐವತ್ತಕ್ಕೂ ಹೆಚ್ಚು ಕಡೆ ಭೂಕುಸಿತವಾಯಿತು, ಅದನ್ನು ತುಂಡು ತುಂಡಾಗಿಯೇ ತೆರೆಯುತ್ತ ಬಂದಿದ್ದಾರೆ. ‘ಪಾರ್ಕ್‌ವೇ ತೆರೆದಿದೆ’ ಎಂಬ ಮಾತಿಗೆ ಆದ್ದರಿಂದ ಅರ್ಥವಿಲ್ಲ. ನಿಮಗೆ ಬೇಕಾದ ಮೈಲಿಗಲ್ಲುಗಳ ನಡುವಿನ ಭಾಗ ತೆರೆದಿದೆಯೇ ಎಂಬುದನ್ನು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಪಟ್ಟಿಯಲ್ಲಿ ನೋಡಬೇಕು. ಮುಚ್ಚಿದ ಗೇಟಿನ ಪಕ್ಕದಲ್ಲಿ ನುಸುಳಿ ನಡೆಯುವುದಂತೂ ಬೇಡವೇ ಬೇಡ, ಏಕೆಂದರೆ ಅಲ್ಲಿ ಬುಡ ಸಡಿಲಗೊಂಡ ಮರಗಳು ಗಾಳಿಯಿಲ್ಲದ ದಿನವೂ ಉರುಳಬಹುದು. ಹೀಗೆ ಉರುಳಿ ಒಣಗಿದ ಮರಗಳು ಕಾಳ್ಗಿಚ್ಚಿಗೆ ಸೌದೆಯಾಗುತ್ತವೆ. 2025ರ ವಸಂತದಲ್ಲಿ ಆ ಸೀಮೆ ಅದನ್ನೂ ಅನುಭವಿಸಿತು. ಕ್ಯಾಂಪ್‌ಫೈರ್ ನಿಷೇಧವಿದ್ದರೆ ಅಕ್ಷರಶಃ ಪಾಲಿಸಿ. ನೆರೆ ಇಳಿದ ದಂಡೆಗಳಲ್ಲಿ ಗಾಜು, ಮೊಳೆ, ತಗಡಿನ ಚೂರುಗಳು ಕೆಸರಿನಲ್ಲಿ ಹುದುಗಿರುವುದರಿಂದ ಮಕ್ಕಳನ್ನು ಬರಿಗಾಲಲ್ಲಿ ನೀರಿಗೆ ಬಿಡಬಾರದು.

ಊಟ ಮತ್ತು ವಸತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಸ್ಯಾಹಾರಿಗಳಿಗೆ ಭೇಲ್‌ಪುರಿ, ಚಾಟ್‌ಗಳಿಗೆ ಹೆಸರಾದ ‘ಚಾಯ್ ಪಾನಿ’ ಇದ್ದೇ ಇದೆ. 2022ರಲ್ಲಿ ಅಮೆರಿಕದ ಹೋಟೆಲುಗಳಿಗೆ, ಬಾಣಸಿಗರಿಗೆ ಕೊಡುವ ಹೆಸರಾಂತ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದ ಹೋಟೆಲು ಅದು. ಆದರೆ ಟಿಪ್ಸ್ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ನಾರ್ತ್ ಕ್ಯಾರೊಲಿನಾದಲ್ಲಿ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್ ಮಾತ್ರ. ಗಿರಾಕಿಗಳಿಲ್ಲದ ತಿಂಗಳುಗಳನ್ನು ದಾಟಿ ಬಂದವರಿಗೆ ಶೇಕಡಾ 20ಕ್ಕಿಂತ ಹೆಚ್ಚು ಕೊಡುವುದು ನ್ಯಾಯ.

ಕುಸಿದ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬಾರದು. ಅದು ಯಾರದೋ ಮನೆ, ಒಳಗಿದ್ದವರು ಬದುಕುಳಿದರೋ ಇಲ್ಲವೋ ನಮಗೆ ತಿಳಿಯದು. ‘ಆ ದಿನ ನೀವೆಲ್ಲಿದ್ದಿರಿ’ ಎಂದು ಅಂಗಡಿಯವರನ್ನು ನಾವಾಗಿ ಕೇಳುವುದೂ ಸಲ್ಲದು. ದಿನಕ್ಕೆ ಹತ್ತು ಜನ ಅದನ್ನೇ ಕೇಳುತ್ತಾರೆ. ಅವರಾಗಿ ಹೇಳತೊಡಗಿದರೆ ಅವಸರಪಡಿಸದೆ ಕೇಳಿಸಿಕೊಳ್ಳಿ.

ಕೈಜೋಡಿಸಿ ಕೆಲಸ ಮಾಡುವ ಮನಸ್ಸಿದ್ದರೆ ನೇರವಾಗಿ ಹೋಗಿ ನಿಲ್ಲದೆ, ಸ್ಥಳೀಯ ಸಂಸ್ಥೆಯೊಂದಕ್ಕೆ ಮೊದಲೇ ಕರೆಮಾಡಿ ಯಾವ ದಿನ ಎಷ್ಟು ಜನ ಬೇಕು ಎಂದು ವಿಚಾರಿಸಿಕೊಳ್ಳಿ. ಗಟ್ಟಿ ಅಟ್ಟೆಯ ಬೂಟು, ದಪ್ಪ ಕೈಗವಸು, ಬೂಷ್ಟಿನ ಧೂಳಿಗೆ ಮುಖಗವಸು ನಿಮ್ಮದೇ ಇರಲಿ. ಧನುರ್ವಾತದ ಚುಚ್ಚುಮದ್ದಿನ ಅವಧಿ ಮುಗಿದಿದ್ದರೆ ಹೊರಡುವ ಮೊದಲೇ ಹಾಕಿಸಿಕೊಳ್ಳಿ. ಹಳೆ ಬಟ್ಟೆಯ ಮೂಟೆಗಳನ್ನು ಒಯ್ಯಬೇಡಿ. ಅವನ್ನು ಬಿಚ್ಚಿ ವಿಂಗಡಿಸುವ ಕೆಲಸವೂ ಅವರ ತಲೆಯ ಮೇಲೆಯೇ ಬೀಳುತ್ತದೆ. ಆ ಸಂಸ್ಥೆಗೆ ಹಣ ಕೊಟ್ಟರೆ ಬೇಕಾದದ್ದನ್ನು ಅವರೇ ಕೊಂಡುಕೊಳ್ಳುತ್ತಾರೆ.