ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ? ಮನೆ ಮುಂದೆಯೇ ನೋಡಿಕೊಂಡ ಬಗೆ

ಕಾರು ಸರ್ವಿಸ್‌ಗೆ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಒಂದು ಫೋನ್ ಬಂದೇ ಬರುತ್ತದೆ: "ಸಾರ್, ಬ್ರೇಕ್ ಪ್ಯಾಡ್ ಹೋಗಿದೆ, ಹಾಕಿಬಿಡಲಾ?" ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಅಂತ ಕೇಳಿದರೆ ಸರಿಯಾದ ಉತ್ತರ ಇರಲ್ಲ. ಅದಕ್ಕೇ ಸರ್ವಿಸ್‌ಗೆ ಬಿಡುವ ಮೊದಲು ನಾನೇ ಚಕ್ರ ಬಿಚ್ಚಿ ನೋಡಿಕೊಳ್ಳುತ್ತೇನೆ. ನನ್ನದು ವ್ಯಾಗನ್ ಆರ್, ಮುಂದೆ ಡಿಸ್ಕ್ ಬ್ರೇಕ್ (ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡು ಬದಿಯಿಂದ ಪ್ಯಾಡ್ ಒತ್ತಿ ಹಿಡಿಯುವಂಥದ್ದು), ಹಿಂದೆ ಡ್ರಮ್ ಬ್ರೇಕ್. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿ ಇಳಿಯುವ ಗಾಡಿ. ಎರಡನೇ ಗೇರಿನಲ್ಲಿ ನಿಧಾನವಾಗಿ ಇಳಿದರೂ ಮುಂದಿನ ಟ್ಯಾಂಕರ್ ನಿಂತಾಗ ಬ್ರೇಕ್ ಒತ್ತಲೇಬೇಕಲ್ವಾ, ಪ್ಯಾಡ್ ಸವೆಯುತ್ತದೆ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಡಿಕ್ಕಿಯಲ್ಲಿರುವ ಜಾಕಿ ಮತ್ತು ವೀಲ್ ಸ್ಪ್ಯಾನರ್, ಎರಡು ಕಲ್ಲು, ಮೊಬೈಲ್ ಟಾರ್ಚ್. ಇದರ ಜೊತೆ ನಾನು ಇಟ್ಟುಕೊಳ್ಳುವುದು 3 ಎಂಎಂ ದಪ್ಪದ ಅಲೆನ್ ಕೀ (ಆರು ಮೂಲೆಯ, L ಆಕಾರದ ಸಣ್ಣ ಕಡ್ಡಿ). ಯಾಕೆ ಅಂತ ಮುಂದೆ ಹೇಳುತ್ತೇನೆ.

ಜಾಗ ಸಮತಟ್ಟಾಗಿರಬೇಕು, ನೆಲ ಗಟ್ಟಿ ಇರಬೇಕು. ಹ್ಯಾಂಡ್ ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಹಿಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡುತ್ತೇನೆ. ಸ್ಟಿಯರಿಂಗನ್ನು ಈಗಲೇ ಒಂದು ಕಡೆಗೆ ಪೂರ್ತಿ ತಿರುಗಿಸಿಡಬೇಕು, ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಹಿಂಭಾಗ ಹೊರಗೆ ಕಾಣುವ ಕಡೆಗೆ. ಗಾಡಿ ಜಾಕಿ ಮೇಲೆ ಇರುವಾಗ ಸ್ಟಿಯರಿಂಗ್ ತಿರುಗಿಸುವುದು ಬೇಡ. ಚಕ್ರ ನೆಲದ ಮೇಲಿರುವಾಗಲೇ ನಟ್ ಸ್ವಲ್ಪ ಸಡಿಲ ಮಾಡಿ, ಆಮೇಲೆ ಜಾಕಿ ಏರಿಸಿ. ಬಿಚ್ಚಿದ ಚಕ್ರವನ್ನು ಅಲ್ಲೇ ಬಾಗಿಲ ಕೆಳಗೆ ಅಡ್ಡ ಮಲಗಿಸಿಡುತ್ತೇನೆ. ಜಾಕಿ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಆದರೂ ಬರೀ ಜಾಕಿ ನಂಬಿ ಗಾಡಿ ಅಡಿಗೆ ತಲೆ ಹಾಕಬೇಡಿ.

ಈಗ ನೋಡುವ ಕೆಲಸ. ಹೊರಗಿನ ಪ್ಯಾಡ್ ಎದುರಿಗೇ ಕಾಣುತ್ತದೆ, ಅಲಾಯ್ ವೀಲ್ ಇದ್ದರೆ ಚಕ್ರ ಬಿಚ್ಚದೆಯೂ ಕಾಣಬಹುದು. ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ನಿಜ ಹೇಳುವುದು ಒಳಗಿನ ಪ್ಯಾಡ್. ಕ್ಯಾಲಿಪರ್ ಮಧ್ಯದ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ಮೇಲಿನಿಂದ ಇಣುಕಿದರೆ ಡಿಸ್ಕಿನ ಎರಡೂ ಬದಿಗೆ ಒಂದೊಂದು ಪ್ಯಾಡ್ ಕಾಣುತ್ತದೆ. ಪ್ರತಿ ಪ್ಯಾಡಿನಲ್ಲೂ ಎರಡು ಪದರ: ಹಿಂದೆ ಕಬ್ಬಿಣದ ಪ್ಲೇಟ್, ಅದಕ್ಕೆ ಅಂಟಿಕೊಂಡು ಡಿಸ್ಕಿಗೆ ಉಜ್ಜುವ ಕಪ್ಪು ಬೂದು ಬಣ್ಣದ ಲೈನಿಂಗ್. ಧೂಳು ಮೆತ್ತಿದಾಗ ಎರಡೂ ಒಂದೇ ಥರ ಕಾಣುತ್ತವೆ, ಪ್ಲೇಟನ್ನೂ ಸೇರಿಸಿ ನೋಡಿದರೆ "ಅಯ್ಯೋ, ಇನ್ನೂ ಬೇಕಾದಷ್ಟಿದೆ" ಅನ್ನಿಸಿಬಿಡುತ್ತದೆ. ಲೆಕ್ಕಕ್ಕೆ ಬರುವುದು ಲೈನಿಂಗ್ ಮಾತ್ರ. ಹೊಸ ಪ್ಯಾಡಿನಲ್ಲಿ ಅದು ಸಾಮಾನ್ಯವಾಗಿ 10 ಎಂಎಂ ಆಸುಪಾಸು ಇರುತ್ತದೆ. 3 ಎಂಎಂಗೆ ಬಂದರೆ ನಾನು ಬದಲಾಯಿಸುತ್ತೇನೆ. ಕಿಂಡಿಯೊಳಗೆ ಸ್ಕೇಲ್ ಹೋಗಲ್ಲ, ಅಲೆನ್ ಕೀ ಹೋಗುತ್ತದೆ. ಅದರ ತುದಿಯನ್ನು ಲೈನಿಂಗ್ ಪಕ್ಕಕ್ಕೆ ಹಿಡಿದು ನೋಡಿ: ಲೈನಿಂಗ್ ಅದಕ್ಕಿಂತ ದಪ್ಪ ಇದ್ದರೆ ಸದ್ಯಕ್ಕೆ ತೊಂದರೆಯಿಲ್ಲ, ಸಮ ಅಥವಾ ತೆಳ್ಳಗಿದ್ದರೆ ಪ್ಯಾಡ್ ತರಿಸಿ.

ಕಳೆದ ಸಲ ಎಡಗಡೆ ಚಕ್ರದಲ್ಲಿ ಹೊರಗಿನ ಪ್ಯಾಡ್ ಅಲೆನ್ ಕೀಗಿಂತ ಎರಡು ಪಟ್ಟು ದಪ್ಪ ಇತ್ತು, ಒಳಗಿನದು ಹೆಚ್ಚುಕಡಿಮೆ ಕೀಗೆ ಸಮ. ಕ್ಯಾಲಿಪರ್ ಆಚೀಚೆ ಸರಿಯಬೇಕಾದ ಪಿನ್ನುಗಳು ಕೆಸರು, ತುಕ್ಕು ಸೇರಿ ಬಿಗಿಯಾದರೆ ಹೀಗಾಗುತ್ತದೆ. ಬ್ರೇಕ್ ಒತ್ತಿದಾಗ ಕ್ಯಾಲಿಪರಿನಿಂದ ಮುಂದೆ ಬರುವ ಪಿಸ್ಟನ್, ಒಳಬದಿಯ ಪ್ಯಾಡನ್ನು ಒತ್ತುತ್ತಲೇ ಇರುತ್ತದೆ, ಹೊರಗಿನದು ಆರಾಮಾಗಿ ಕೂತಿರುತ್ತದೆ. ಸುಮ್ನೆ ಹೊಸ ಪ್ಯಾಡ್ ಹಾಕಿದರೆ ಅದೂ ಹೀಗೇ ಸವೆಯುತ್ತದೆ. ನಮ್ಮ ಬೀದಿಯ ಮೆಕ್ಯಾನಿಕ್ ಹತ್ತಿರ ಪಿನ್ ತೆಗೆಸಿ, ಕ್ಲೀನ್ ಮಾಡಿಸಿ, ಬ್ರೇಕಿಗೆಂದೇ ಸಿಗುವ ಗ್ರೀಸ್ ಹಾಕಿಸಿದೆ. ಪ್ಯಾಡ್ ಎಡ ಬಲ ಎರಡಕ್ಕೂ ಹಾಕಿಸಿದೆ, ಒಂದೇ ಕಡೆ ಬದಲಾಯಿಸಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯಬಹುದು.

ಚಕ್ರ ಬಿಚ್ಚಿದ ಮೇಲೆ ಡಿಸ್ಕನ್ನೂ ನೋಡಿ. ಈಗಷ್ಟೇ ಘಾಟಿ ಇಳಿದು ಬಂದಿದ್ದರೆ ಮುಟ್ಟಬೇಡಿ, ಕೈ ಸುಡುತ್ತದೆ. ತಣ್ಣಗಾದ ಮೇಲೆ ಉಗುರು ಆಡಿಸಿದರೆ ಅಂಚಿನಲ್ಲಿ ತಟ್ಟೆಯ ಅಂಚಿನ ಹಾಗೆ ಏಣು ಸಿಗುತ್ತದೆ, ಡಿಸ್ಕ್ ಸವೆದಷ್ಟೂ ಅದು ಜಾಸ್ತಿ. ಆಳವಾದ ಗೀರು ಇದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಅಲ್ಲಿರುವ ಧೂಳನ್ನು ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಡಿಸ್ಕಿಗೆ ಎಣ್ಣೆ, ಗ್ರೀಸ್ ತಾಗಲೇಬಾರದು.

ಶಬ್ದ ಬಂದಾಗ ನೋಡಿದರೆ ಸಾಕು ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೆಲವು ಪ್ಯಾಡಿನಲ್ಲಿ ಸವೆದಾಗ ಡಿಸ್ಕಿಗೆ ತಾಗಿ ಕೀರಲು ಶಬ್ದ ಮಾಡುವ ಸಣ್ಣ ತಗಡು ಇರುತ್ತದೆ, ಕೆಲವಕ್ಕೆ ಇರುವುದೇ ಇಲ್ಲ. ಮಳೆಗಾಲದಲ್ಲಿ ರಾತ್ರಿ ನಿಂತ ಗಾಡಿಯ ಡಿಸ್ಕಿಗೆ ತುಕ್ಕು ಹಿಡಿದು ಬೆಳಿಗ್ಗೆ ಕಿರ್ ಅನ್ನುವುದು ಬೇರೆ, ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಗರಗರ ಅಂತ ಕಬ್ಬಿಣ ಉಜ್ಜುವ ಸದ್ದು ಬಂದರೆ ಡಿಸ್ಕಿಗೂ ದುಡ್ಡು ತೆಗೆದಿಡಿ.

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಕೂಡ ನೋಡಿ. ಪ್ಯಾಡ್ ಸವೆದ ಹಾಗೆ ಅದರ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಒಮ್ಮೆಲೇ ಇಳಿದರೆ ಮಾತ್ರ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಗಾಡಿ ಓಡಿಸಬೇಡಿ. ಹಿಂದಿನ ಡ್ರಮ್ ಬಿಚ್ಚಲು ನಾನು ಹೋಗುವುದಿಲ್ಲ, ಒಳಗಿನ ಸ್ಪ್ರಿಂಗ್‌ಗಳ ಸಹವಾಸ ಬೇಡ ಅಂತ ಅದನ್ನು ಸರ್ವಿಸ್‌ನವರಿಗೇ ಬಿಡುತ್ತೇನೆ. ಬಿಚ್ಚಿದಾಗ ಲೈನರ್ (ಡ್ರಮ್ಮಿಗೆ ಉಜ್ಜುವ ಪದರ) ಫೋಟೋ ಕಳಿಸಿ ಅಂತ ಮೊದಲೇ ಹೇಳಿಡುತ್ತೇನೆ, ಕಳಿಸುತ್ತಾರೆ.