ಸಮುದ್ರದ ದಂಡಿಗೆ ಜಾಗ ತಗೊಳ್ಳೋ ನಮ್ಮ ಕಡೆಯವರಿಗೆ: ಎನ್‌ಎ, ಪ್ಲಾನಿಂಗ್, ಸಿಆರ್‌ಝಡ್ ಹೆಂಗ ನೋಡಬೇಕು

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯಿಂದ ಈಗ ಮಂದಿ ಗೋಕರ್ಣ, ಕುಮಟಾ, ಹೊನ್ನಾವರ, ಮುರ್ಡೇಶ್ವರ ಅಂತ ಜಾಗ ನೋಡಾಕ ಹೊಂಟಾರ. ಭತ್ತದ ರೊಕ್ಕ, ರೈಸ್ ಮಿಲ್ಲಿನ ರೊಕ್ಕ, ಬಳ್ಳಾರಿಯವರದು ಜೀನ್ಸ್ ವ್ಯಾಪಾರದ್ದು, ಗೆಳೆಯರು ನಾಲ್ಕು ಮಂದಿ ಕೂಡಿ ಒಂದು ರೆಸಾರ್ಟೋ ಹೋಮ್‌ಸ್ಟೇನೋ ಮಾಡೋಣು ಅನ್ನೋ ಆಸೆ. ದಾರಿನೂ ಹೊಸದಲ್ಲ ಬಿಡ್ರಿ, ಹಳೇ ಎನ್‌ಎಚ್ 63 ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಹಾದು ಸೀದಾ ಅಂಕೋಲಾಕ್ಕ ಮುಟ್ಟತಿತ್ತು. ನಾನು ಇಲ್ಲೆ ಗಂಗಾವತಿಯೊಳಗ ಜಮೀನಿನ ಕಾಗದಪತ್ರದ ಕೆಲಸ ಮಾಡೋನು, ನನ್ನ ಹತ್ರ ಬರೋರು ಪಹಣಿ, ಇಸಿ (ಋಣಭಾರ ಪತ್ರ), ಎನ್‌ಎ (ಕೃಷಿ ಭೂಮಿನ ಬ್ಯಾರೆ ಬಳಕೆಗೆ ಬದಲು ಮಾಡೋ) ಆರ್ಡರ್ ಹಿಡ್ಕೊಂಡು "ಅಣ್ಣಾ ಇದು ಕ್ಲಿಯರ್ ಐತಿ ನೋಡು" ಅಂತಾರ. ಕ್ಲಿಯರ್ ಇರ್ತೈತಿ ಖರೆ, ಆದ್ರ ಅದರಾಗ ಒಂದು ಇಟ್ಟಂಗಿ ಇಡಾಕ ಬರ್ತೈತೋ ಇಲ್ಲೋ ಅನ್ನೋದು ಆ ಕಾಗದದಾಗ ಇರಂಗಿಲ್ಲ.

ನಮ್ಮ ಕಡೆ ಲೆಕ್ಕ ಸರಳ. ಡಿಸಿ ಆಫೀಸಿನಿಂದ ಎನ್‌ಎ, ನಗರಾಭಿವೃದ್ಧಿ ಪ್ರಾಧಿಕಾರದ್ದೋ ಟೌನ್ ಪ್ಲಾನಿಂಗಿಂದೋ ಅಪ್ರೂವಲ್, ಆಮೇಲೆ ಪಂಚಾಯ್ತಿ ಇಲ್ಲಾ ನಗರಸಭೆ ಲೈಸೆನ್ಸ್, ಮುಗೀತು. ಸಮುದ್ರದ ಕಡೆ ಇವೆಲ್ಲಾ ಬೇಕು, ಇವಕ್ಕಿಂತ ಮೊದಲು ಸಿಆರ್‌ಝಡ್, ಅಂದ್ರ ಕರಾವಳಿ ನಿಯಂತ್ರಣ ವಲಯದ ಒಪ್ಪಿಗಿ ಬೇಕು. ಅದು ಕೇಂದ್ರದ 1986ರ ಪರಿಸರ ಸಂರಕ್ಷಣಾ ಕಾಯ್ದೆ ಕೆಳಗ ಬರೋ ಅಧಿಸೂಚನೆ, ಈಗ ನಡೆಯೋದು 2019ರ ಜನವರಿಯಾಗ ಬಂದದ್ದು. ತಹಶೀಲ್ದಾರು ಕೊಟ್ಟ ಕಾಗದ, ಡಿಸಿ ಕೊಟ್ಟ ಕಾಗದ, ಪಂಚಾಯ್ತಿ ಕೊಟ್ಟ ಲೈಸೆನ್ಸ್, ಯಾವುದೂ ಇದರ ಬದಲಿಗೆ ನಡೆಯಂಗಿಲ್ಲ.

ಇದು ಹೆದರಿಸಾಕ ಹೇಳೋ ಮಾತಲ್ಲ. ಕೊಚ್ಚಿ ಹತ್ರ ಮರಡು ಅನ್ನೋ ಊರಾಗ ಅಪಾರ್ಟ್‌ಮೆಂಟ್ ಕಟ್ಟಿದಾಗ ಅಲ್ಲಿನ ಪಂಚಾಯ್ತಿ ಪರ್ಮಿಷನ್ ಕೊಟ್ಟಿತ್ತು, ಮಂದಿ ಮನಿ ಕೊಂಡು ವಾಸ ಇದ್ರು. ಸಿಆರ್‌ಝಡ್ ಉಲ್ಲಂಘನೆ ಅಂತ 2019ರಾಗ ಸುಪ್ರೀಂ ಕೋರ್ಟ್ ಕೆಡವ್ರಿ ಅಂತು, 2020ರ ಜನವರಿಯಾಗ ನಾಲ್ಕೂ ಕಾಂಪ್ಲೆಕ್ಸ್ ಸ್ಫೋಟಕ ಇಟ್ಟು ಉರುಳಿಸಿದ್ರು. ಅದಾದ ಮುಂದಿನ ತಿಂಗಳಾಗನ ಹಂಪಿ ಹತ್ರ ತುಂಗಭದ್ರಾ ಹೊಳಿಯಾಗಿನ ನಮ್ಮ ವಿರೂಪಾಪುರ ಗಡ್ಡಿ ತೀರ್ಪು ಬಂತು, ಮಾರ್ಚ್‌ನಾಗ ಜೆಸಿಬಿ ಬಂದು ಹೊಳಿ ದಂಡಿಯ ರೆಸಾರ್ಟ್ ಎಲ್ಲಾ ನೆಲಕ್ಕ ಹಾಕಿದ್ವು, ಅಲ್ಲಿ ಕಾನೂನು ಬ್ಯಾರೆ, ಹಂಪಿ ಸಂರಕ್ಷಿತ ಪ್ರದೇಶದ್ದು, ಆದ್ರ ಕಳ್ಕೊಂಡವರ ಪಾಡು ಒಂದೇ ಥರ. ಅದನ್ನ ಕಣ್ಣಾರೆ ನೋಡಿದ ತಾಲೂಕಿನವರು ನಾವು, ಮತ್ತ ಅಂಥದ್ದಕ್ಕ ಕೈ ಹಾಕಬಾರದು ಅಂತ ನನ್ನ ಕಳಕಳಿ.

ಮೊದಲ ಕೆಲಸ, ಸರ್ವೇ ನಂಬರ್ ಮತ್ತ ಹಿಸ್ಸಾ ನಂಬರ್ ಇಸ್ಕೊಳ್ರಿ. ಫೋಟೋ, ವಿಡಿಯೋ, ಗೂಗಲ್ ಲೊಕೇಶನ್ ಕಳಿಸಿದ್ರ ಸಾಲಂಗಿಲ್ಲ. ನಂಬರ್ ಬಂದ ಮ್ಯಾಲೆ ಪಹಣಿ ತೆಗೀರಿ, ಮ್ಯುಟೇಶನ್ ತೆಗೀರಿ, ಸರ್ವೇ ನಕ್ಷೆ ತೆಗೀರಿ. ಉಡುಪಿ, ಮಂಗಳೂರು ಕಡೆ ಹೋದ್ರ ರೇಟನ್ನ ಸೆಂಟ್ಸ್ ಲೆಕ್ಕದಾಗ ಹೇಳ್ತಾರ, ಒಂದು ಗುಂಟೆಗೆ ಎರಡೂವರೆ ಸೆಂಟ್ಸ್, ನೂರು ಸೆಂಟ್ಸಿಗೆ ಒಂದು ಎಕರೆ, ಇದು ಗೊತ್ತಿರದೆ ಗುಂಟೆ ರೇಟು ಅಂತ ತಿಳ್ಕೊಂಡು ಕೂತ್ರ ಕಷ್ಟ. ಮಂಜೂರಾದ ಜಮೀನು ಏನು ನೋಡ್ರಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿ ಆಗಿದ್ರ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲಂಗಿಲ್ಲ, 2023ರ ತಿದ್ದುಪಡಿ ಆದ ಮ್ಯಾಲಂತೂ ಎಷ್ಟು ವರ್ಷ ಆಗಿದ್ರೂ ಅವರು ವಾಪಸ್ ಕೇಳಬಹುದು. ಉತ್ತರ ಕನ್ನಡದಾಗ ಬೆಟ್ಟ, ಸೊಪ್ಪಿನ ಬೆಟ್ಟ ಅಂತ ಇರ್ತಾವ, ಅಡಿಕೆ ತೋಟದವರಿಗೆ ಸೊಪ್ಪು ತರಾಕ ಬಿಟ್ಟ ಕಾಡು ಅದು, "ನಮ್ದೇ ಬೆಟ್ಟ" ಅಂದ್ರೂ ಮಾರೋ ಹಕ್ಕು ಅವರಿಗಿಲ್ಲ. ರೈತ ಅಲ್ಲದವರು ಕೃಷಿ ಭೂಮಿ ತಗೋಬಾರದು ಅನ್ನೋ ಭೂ ಸುಧಾರಣಾ ಕಾಯ್ದೆಯ ಕಲಂ 79ಎ, 79ಬಿ ಮಾತ್ರ 2020ರಾಗ ತೆಗೆದು ಹಾಕ್ಯಾರ, ಅದರ ಚಿಂತಿ ಬ್ಯಾಡ.

ಎರಡನೇದು ಮ್ಯಾಪ್, ಎಲ್ಲಕ್ಕಿಂತ ಮುಖ್ಯದ್ದು ಇದೇ. ಸಮುದ್ರದ ನೀರು ಭರತದಾಗ ಎಲ್ಲಿ ತನಕ ಬರ್ತೈತೋ ಅಲ್ಲಿ ಒಂದು ಗೆರಿ ಎಳೆದಾರ, ಹೈಟೈಡ್ ಲೈನ್ ಅಂತ. ಆ ಗೆರಿಯಿಂದ ಭೂಮಿ ಕಡೆ 500 ಮೀಟರ್ ಸಿಆರ್‌ಝಡ್. ಊರು ಬೆಳೆದ ಪಟ್ಟಣ, ನಗರಸಭೆ ಏರಿಯಾ ಆದ್ರ ಸಿಆರ್‌ಝಡ್ 2, ಹಳ್ಳಿ ಕಡೆ ಆದ್ರ 3. ಈ ಮೂರರಾಗ ಮತ್ತ ಎರಡು ಭಾಗ, 2011ರ ಜನಗಣತಿ ಪ್ರಕಾರ ಒಂದು ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇದ್ರ 3ಎ, ಅಲ್ಲಿ ಮೊದಲ 50 ಮೀಟರ್ ನೋ ಡೆವಲಪ್‌ಮೆಂಟ್ ಝೋನ್, ಕಡಿಮೆ ಇದ್ರ 3ಬಿ, ಅಲ್ಲಿ 200 ಮೀಟರ್. 3ಬಿ ಒಳಗ ನಿಮ್ಮ ಪ್ಲಾಟು ನೀರಿನಿಂದ 150 ಮೀಟರಿಗೆ ಐತಿ ಅಂದ್ರ ಹೊಸಾ ರೆಸಾರ್ಟಿನ ಮಾತು ಅಲ್ಲಿಗೇ ನಿಂತ್ತು. ಅಳತಿ ಮಾಡೋದು ಮಳಲ ಮ್ಯಾಲೆ ಕಾಣೋ ತೆರಿಯಿಂದ ಅಲ್ರಿ, ಮ್ಯಾಪಿನಾಗಿನ ಗೆರಿಯಿಂದ. ಏಜೆಂಟ್ ಟೇಪ್ ಹಿಡಿದು ತೋರಿಸೋ ಲೆಕ್ಕ ನಂಬಬ್ಯಾಡ್ರಿ.

ಸಮುದ್ರ ದೂರ ಐತಿ ಅಂತ ಸುಮ್ಮನ ಕೂಡಂಗೂ ಇಲ್ಲ. ಅಘನಾಶಿನಿ, ಶರಾವತಿ, ಗಂಗಾವಳಿ, ಕಾಳಿ ಹೊಳಿಯೊಳಗ ಉಪ್ಪುನೀರು ಭಾಳ ದೂರ ಒಳಗ ಹೊಕ್ತೈತಿ. ಬ್ಯಾಸಗಿಯಾಗ ನೀರಿನ ಉಪ್ಪು ಸಾವಿರಕ್ಕ 5 ಭಾಗ ಇರೋ ತನಕ ಹೊಳಿ ದಂಡಿಗೂ ಸಿಆರ್‌ಝಡ್ ಹತ್ತತೈತಿ, 50 ಮೀಟರ್ ಇಲ್ಲಾ ಹೊಳಿ ಅಗಲ, ಯಾವುದು ಕಡಿಮಿನೋ ಅಷ್ಟು.

ಕುಮಟಾ ಕಡೆ ಗಜನಿ ಭೂಮಿ ಅಂತ ಐತಿ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ನಮ್ಮ ಕಡೆಯವರ ಕಣ್ಣಿಗೆ ಅದು ಥೇಟ್ ಹೊಲದಂಗ ಕಾಣ್ತೈತಿ. ಏಪ್ರಿಲ್‌ನಾಗ ಹೋದ್ರ ಸಪಾಟು ನೆಲ, ಒಡ್ಡು ಹಾಕಿರ್ತಾರ, ತೆಂಗಿನ ಮರ ಸುತ್ತ, ರೇಟೂ ಕಡಿಮಿ. ಬಗ್ಗಿ ನೋಡ್ರಿ, ಬಿರುಕಿನಾಗ ಬೆಳ್ಳಗ ಉಪ್ಪಿನ ಪದರ ಕೂತಿರ್ತೈತಿ, ಒಡ್ಡಿನ ಬದಿಗೆ ಏಡಿ ತೂತು, ಕಾಲುವಿ ದಂಡಿಗೆ ಕೆಸರಿನಾಗ ಬೇರು ಮ್ಯಾಲಕ್ಕ ಎಬ್ಬಿಸಿಕೊಂಡು ನಿಂತ ಕಾಂಡ್ಲಾ (ಮ್ಯಾಂಗ್ರೋವ್) ಗಿಡ. ಮಳಿಗಾಲದಾಗ ಅಲ್ಲಿ ಕಗ್ಗ ಭತ್ತ ಬೆಳೀತಾರ, ಕೊಯ್ದ ಮ್ಯಾಲೆ ಉಪ್ಪುನೀರು ಬಿಟ್ಟು ಮೀನು ಸಿಗಡಿ ಹಿಡೀತಾರ. ಸಿಆರ್‌ಝಡ್ 1 ಅಂದ್ರ ಎಲ್ಲಕ್ಕಿಂತ ಬಿಗಿ ವರ್ಗ, ಭರತ ಇಳಿತದ ನಡುವಿನ ಜಾಗ ಅದರಾಗಿನ 1ಬಿ, ಕಾಂಡ್ಲಾ ಇರೋ ಜಾಗ 1ಎ, ಕಾಂಡ್ಲಾ ಕಾಡು 1000 ಚದರ ಮೀಟರಿಗಿಂತ ದೊಡ್ಡದಿದ್ರ ಸುತ್ತ 50 ಮೀಟರ್ ಬಫರ್. ಅಘನಾಶಿನಿ ಅಳಿವೆ 2024ರಾಗ ರಾಮ್ಸಾರ್ ತಾಣನೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಗೈತಿ. ಅಲ್ಲಿ ಮಣ್ಣು ತುಂಬಿಸಿ ಕಟ್ಟೋ ವಿಚಾರ ಬಿಟ್ಟುಬಿಡ್ರಿ, ಎಷ್ಟು ಸಸ್ತಾ ಸಿಕ್ಕರೂ. ಹೊನ್ನಾವರ ಕಡೆ ಕಡಲಾಮೆ ಮೊಟ್ಟಿ ಇಡೋ ದಂಡಿನೂ ಹಂಗ, ಅದೂ 1ಎ.

ಮ್ಯಾಪ್ ಎಲ್ಲಿ ಸಿಗ್ತೈತಿ ಅಂದ್ರ ಕರಾವಳಿ ವಲಯ ನಿರ್ವಹಣಾ ಯೋಜನೆ ಅಂತ ಇರ್ತೈತಿ, ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ್ದು, ಹಾಳಿ ಹಾಳಿ ಆಗಿ. ನಿಮ್ಮ ಹಳ್ಳಿ ಬರೋ ಶೀಟ್ ಹುಡುಕಿ ಸರ್ವೇ ನಂಬರ್ ಎಲ್ಲಿ ಬೀಳ್ತೈತಿ ಅಂತ ನೋಡ್ರಿ, ಆದ್ರ ಅದನ್ನ ನೋಡಿ ನೀವೇ ತೀರ್ಮಾನ ಮಾಡಬ್ಯಾಡ್ರಿ. ಕಾರವಾರ, ಉಡುಪಿ, ಮಂಗಳೂರಾಗ ಪರಿಸರ ಇಲಾಖೆ ಪ್ರಾದೇಶಿಕ ನಿರ್ದೇಶಕರ ಆಫೀಸ್ ಅದಾವ, ಪಹಣಿ, ಸರ್ವೇ ನಕ್ಷೆ ಹಚ್ಚಿ, ಈ ಸರ್ವೇ ನಂಬರ್ ಸಿಆರ್‌ಝಡ್‌ನಾಗ ಬರ್ತೈತೇನು, ಯಾವ ವರ್ಗ, ನೋ ಡೆವಲಪ್‌ಮೆಂಟ್ ಝೋನ್ ಎಷ್ಟು ಭಾಗಕ್ಕ ಹತ್ತತೈತಿ ಅಂತ ಅರ್ಜಿ ಕೊಟ್ಟು ಬರಹದಾಗ ಉತ್ತರ ತಗೊಳ್ರಿ. ಬಾಯಿ ಮಾತು ಬ್ಯಾಡ. ಭಾಳ ಪ್ಲಾಟು ಅರ್ಧ ಒಳಗ ಅರ್ಧ ಹೊರಗ ಇರ್ತಾವ, ಆ ಗೆರಿ ಎಲ್ಲಿ ಹಾದೈತಿ ಅನ್ನೋದರ ಮ್ಯಾಲೇ ನಿಮ್ಮ ರೇಟು ನಿಂತಿರ್ತೈತಿ.

ಇನ್ನ ಪ್ಲಾನಿಂಗ್. ಜಾಗ ಯಾವುದಾದ್ರೂ ಯೋಜನಾ ಪ್ರಾಧಿಕಾರದ ಹದ್ದಿನೊಳಗ ಐತೇನು ಕೇಳ್ರಿ, ಇದ್ರ ಮಾಸ್ಟರ್ ಪ್ಲಾನಿನಾಗ ಆ ಸರ್ವೇ ನಂಬರಿಗೆ ಯಾವ ಬಣ್ಣ ಹಾಕ್ಯಾರ, ವಸತಿನೋ, ವಾಣಿಜ್ಯನೋ, ಕೃಷಿನೋ ಅಂತ ಝೋನಿಂಗ್ ಕಾಗದ ತಗೊಳ್ರಿ. ನೀವು ಮಾಡೋ ಕೆಲಸಕ್ಕೂ ಮಾಸ್ಟರ್ ಪ್ಲಾನಿಗೂ ತಾಳೆ ಆದ್ರ ಮುಂದಿನ ದಾರಿ ಹಗುರ. ಆಗದಿದ್ರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಕಲಂ 14ಎ ಕೆಳಗ ಭೂ ಬಳಕೆ ಬದಲಾವಣೆಗೆ ಅರ್ಜಿ ಹಾಕಬೇಕು. ಪ್ರಾಧಿಕಾರ ಪೇಪರಿನಾಗ ಪ್ರಕಟಣೆ ಕೊಟ್ಟು ಜನರಿಂದ ಆಕ್ಷೇಪಣೆ ಕರೀತೈತಿ, ಅದಕ್ಕ 15 ದಿವಸಕ್ಕ ಕಡಿಮಿ ಇಲ್ಲದಂಗ ಟೈಮ್ ಕೊಡಬೇಕು, ಸರ್ಕಾರದ ಒಪ್ಪಿಗಿ ಬೇಕು, ಮತ್ತ ಬದಲಾವಣೆ ಸಾರ್ವಜನಿಕ ಹಿತಕ್ಕ ಇರಬೇಕು ಅಂತ ಕಾಯ್ದೆನ ಹೇಳ್ತೈತಿ. ಇಲ್ಲಿ ಒಂದು ಮಾತು, ಮೀನುಗಾರರು ದೋಣಿ ಎಳೆಯೋ ದಾರಿ, ಬಲಿ ಒಣಗಿಸೋ ಜಾಗ ನಿಮ್ಮ ಪ್ಲಾಟಿಗೆ ಹತ್ತಿ ಇದ್ರ ಮೊದಲ ಆ ಊರವರ ಜೋಡಿ ಕೂತು ಮಾತಾಡ್ರಿ. ಅವರ ತಕರಾರು ನ್ಯಾಯವಾದದ್ದೇ ಇರ್ತೈತಿ, ದಾರಿ ಬಿಟ್ಟು ಪ್ಲಾನ್ ಹಾಕಿದ್ರ ಅರ್ಧ ಜಗಳ ಇರಂಗಿಲ್ಲ.

ಎನ್‌ಎ ಬಗ್ಗೆ ಹೆಚ್ಚು ಹೇಳೋದು ಬ್ಯಾಡ, ಇಲ್ಲಿ ಮಾಡಿಸಿದವರಿಗೆ ಗೊತ್ತೈತಿ, 1964ರ ಭೂ ಕಂದಾಯ ಕಾಯ್ದೆ ಕಲಂ 95, ಆನ್‌ಲೈನ್ ಅರ್ಜಿ, ಅಫಿಡವಿಟ್, ಸ್ವಲ್ಪ ಭಾಗ ಅಷ್ಟ ಮಾಡಿಸೋದಿದ್ರ 11ಇ ಸ್ಕೆಚ್ (ಆ ಭಾಗದ ಅಳತಿ ನಕ್ಷೆ). ಅಫಿಡವಿಟ್‌ನಾಗ ನೀವು ಬರೆದು ಕೊಡೋ ಮಾತಿಗೆ ನೀವೇ ಜವಾಬ್ದಾರಿ, ಸಿಆರ್‌ಝಡ್ ವಿಷಯ ಮುಚ್ಚಿಟ್ಟು ಆರ್ಡರ್ ತಗೊಂಡ್ರ ಅದು ಮುಂದ ರದ್ದಾಗಾಕ ಅದೇ ಕಾರಣ ಸಾಕು. ಮತ್ತ ಎನ್‌ಎ ಯಾವ ಉದ್ದೇಶಕ್ಕ ಆಗೈತಿ ಓದ್ರಿ, ವಸತಿಗೆ ಆದದ್ದರಾಗ ರೆಸಾರ್ಟ್ ನಡೆಸಾಕ ಬರಂಗಿಲ್ಲ.

ಕಟ್ಟೋದು ಏನು ಅನ್ನೋದರ ಮ್ಯಾಲೆ ಸಿಆರ್‌ಝಡ್ ಪರ್ಮಿಷನ್ ದಾರಿ ಬ್ಯಾರೆ ಬ್ಯಾರೆ. ಸ್ವಂತ ವಾಸಕ್ಕ, ಒಟ್ಟು 300 ಚದರ ಮೀಟರ್ ಒಳಗಿನ ಮನಿ ಆದ್ರ ಕರಾವಳಿ ಪ್ರಾಧಿಕಾರದ ಶಿಫಾರಸು ಬೇಕಿಲ್ಲ, ಸ್ಥಳೀಯ ಸಂಸ್ಥೆನ ಸಿಆರ್‌ಝಡ್ ನಿಯಮಕ್ಕ ಹೊಂದತೈತೇನು ನೋಡಿ ಕೊಡಬಹುದು. ಹಂಗಂತ ಎಲ್ಲಿ ಬೇಕಾದಲ್ಲಿ ಕೊಡಾಕ ಬರಂಗಿಲ್ಲ, ಹಳ್ಳಿ ಕಡೆ ಇದು ಇರೋದು ಹಳೇಕಾಲದಿಂದ ಮನಿ ಇರೋ ಊರು, ಕೇರಿಗಳ ರೂಢಿ ಹಕ್ಕಿನ ಒಳಗ, ಎತ್ತರ 9 ಮೀಟರ್, ಗ್ರೌಂಡ್ ಮತ್ತ ಒಂದೇ ಮಾಳಿಗಿ. "ಅಲ್ನೋಡಿ ಸರ್, ನೀರಿನ ಹತ್ರನೇ ಮನೆ ಕಟ್ಟಿದಾರೆ, ನೀವೂ ಕಟ್ಟಬಹುದು" ಅಂತ ತೋರಿಸ್ತಾರ, ಆ ಮನಿ ಅಲ್ಲಿನ ಮೀನುಗಾರರದ್ದು, ಅವರಿಗೆ ನಿಯಮದಾಗ ಬ್ಯಾರೆ ಅವಕಾಶ ಐತಿ, ಹೊರಗಿಂದ ಹೋದ ನಮಗಿಲ್ಲ, ಇರಲೂಬಾರದು. ಹೋಮ್‌ಸ್ಟೇನೂ ಹಂಗ, ಸ್ಥಳೀಯರು ಇರೋ ಮನಿನ ಅಡಿಪಾಯ, ಮುಖ ಬದಲು ಮಾಡದ ನಡೆಸಾಕ ಕೊಟ್ಟ ಅವಕಾಶ ಅದು.

ರೆಸಾರ್ಟ್ ಆದ್ರ ಪರಿವೇಶ್ ಅನ್ನೋ ಕೇಂದ್ರದ ಪರಿಸರ ಅನುಮತಿ ಪೋರ್ಟಲ್‌ನಾಗ ಅರ್ಜಿ, 1:4000 ಅಳತಿಯ ಸಿಆರ್‌ಝಡ್ ನಕ್ಷೆ, ಅದೂ ಕೇಂದ್ರ ಮಾನ್ಯ ಮಾಡಿದ ಸಂಸ್ಥೆಯಿಂದನ ಮಾಡಿಸಿರಬೇಕು, ಆಮೇಲೆ ರಾಜ್ಯ ಪ್ರಾಧಿಕಾರದ ಮುಂದ ಹೋಗ್ತೈತಿ. ಹಳ್ಳಿ ವಲಯದಾಗ ಕನಿಷ್ಠ 0.4 ಹೆಕ್ಟೇರ್ ಜಾಗ ಬೇಕು, ಅಂದ್ರ ಹತ್ರ ಹತ್ರ ಒಂದು ಎಕರೆ. ಎಲ್ಲಾ ಮಾಳಿಗಿ ಕೂಡಿ ಕಟ್ಟೋದು ಪ್ಲಾಟಿನ 33 ಪರ್ಸೆಂಟ್ ದಾಟಬಾರದು. ಹತ್ತು ಗುಂಟೆ ಹಿಡ್ಕೊಂಡು ರೆಸಾರ್ಟ್ ಕನಸು ಕಾಣೋರು ಈ ಲೆಕ್ಕ ಮೊದಲ ಹಾಕ್ರಿ. ಎರಡು ಹೋಟೆಲ್ ನಡುವೆ ಜನ ಬೀಚಿಗೆ ಹೋಗಾಕ 20 ಮೀಟರ್ ದಾರಿ ಬಿಡೋ ನಿಯಮನೂ ಐತಿ.

ಮತ್ತೊಂದು, ನಮ್ಮ ಕಡೆ ಜಾಗ ಕೈಗೆ ಬಂದ ಕೂಡ್ಲೆ ಜೆಸಿಬಿ ತರಿಸಿ ಸಪಾಟು ಮಾಡೋದು, ಬೋರ್ ಹೊಡೆಸೋದು, ಆಮೇಲೆ ಉಳಿದ ಮಾತು. ಅಲ್ಲಿ ಇವೆರಡೂ ಮಾಡಬ್ಯಾಡ್ರಿ. ಮಳಲ ದಿಬ್ಬ ಅಂದ್ರ ಹಿಂದಿನ ಊರಿಗೆ ಅಡ್ಡ ನಿಂತ ಗ್ವಾಡಿ, ಅದನ್ನ ಸಪಾಟು ಮಾಡೋದು ನಿಷಿದ್ಧ. ಹೈಟೈಡ್ ಲೈನಿನಿಂದ 200 ಮೀಟರ್ ಒಳಗ ರೆಸಾರ್ಟಿಗೆ ಅಂತರ್ಜಲ ಎತ್ತಂಗಿಲ್ಲ, 200ರಿಂದ 500ರ ತನಕ ಅಂತರ್ಜಲ ಇಲಾಖೆ ಒಪ್ಪಿಗಿ ಬೇಕು. ಅಲ್ಲಿ ಬೋರ್ ಎಳೆದ್ರ ಉಪ್ಪುನೀರು ಒಳಗ ಬಂದು ಸುತ್ತಲ ಬಾವಿ ಎಲ್ಲಾ ಕೆಡ್ತಾವ. ರಾಯಚೂರು ಕಡೆ ಸವಳು ನೀರಿನ ಕಷ್ಟ ಉಂಡವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಕಡೀಕ ಸಂಚಕಾರ. ಮ್ಯಾಲೆ ಹೇಳಿದ ಬರಹದ ಉತ್ತರ ಬರೋ ತನಕ ದೊಡ್ಡ ರೊಕ್ಕ ಕೊಡಬ್ಯಾಡ್ರಿ. ಬ್ಯಾರೆ ಗಿರಾಕಿ ಬಂದಾರ ಅಂತ ಅವಸರ ಮಾಡಿದ್ರ ಸಣ್ಣ ಮೊತ್ತಕ್ಕ ಸಂಚಕಾರ ಪತ್ರ ಮಾಡಿ ರಿಜಿಸ್ಟರ್ ಮಾಡಿಸ್ರಿ, ಅದರಾಗ ಸರ್ವೇ ನಂಬರ್, ಹಿಸ್ಸಾ, ಚಕ್‌ಬಂದಿ ಬರೆದು, ಪ್ರಾದೇಶಿಕ ನಿರ್ದೇಶಕರ ಆಫೀಸಿನ ಉತ್ತರದಾಗ ಇಂತಿಷ್ಟು ಗುಂಟೆ ನೋ ಡೆವಲಪ್‌ಮೆಂಟ್ ಝೋನಿನ ಹೊರಗ ಐತಿ ಅಂತ ಬರದಿದ್ರ ಪೂರ್ತಿ ರೊಕ್ಕ ಇಂಥಾ ತಾರೀಖಿನೊಳಗ ವಾಪಸ್ ಅನ್ನೋ ಸಾಲು ಹಾಕಿಸ್ರಿ. ಬರೇ ಜಿಪಿಎ (ಮಾಲೀಕರು ಬರೆದುಕೊಟ್ಟ ಅಧಿಕಾರ ಪತ್ರ) ಮ್ಯಾಲೆ ಮಾರೋರ ಹತ್ರ ವ್ಯವಹಾರ ಬ್ಯಾಡ, ಪಹಣಿಯಾಗ ಹೆಸರಿರೋ ಎಲ್ಲಾರೂ ಸಹಿ ಮಾಡಬೇಕು, ಅಕ್ಕ ತಂಗ್ಯಾರದ್ದೂ ಬೇಕು. ಆ ಸಾಲು ಹಾಕಾಕ ಮಾರೋರು ಒಪ್ಪಲಿಲ್ಲ ಅಂದ್ರ ಆ ಪ್ಲಾಟ್ ಬಿಡ್ರಿ.