ಜೇಡಿಮಣ್ಣಿನ ಸಿಇಸಿ: ನೀಲಿ ಉಂಗುರಕ್ಕೆ ಕಾಯುವ ಕೆಲಸ

ಜೇಡಿಮಣ್ಣು ಎಷ್ಟು ಧನ ಅಯಾನುಗಳನ್ನು ಅದಲುಬದಲು ಮಾಡಿಕೊಳ್ಳಬಲ್ಲದು ಅನ್ನೋ ಲೆಕ್ಕವೇ ಸಿಇಸಿ (ಕ್ಯಾಟಯಾನ್ ಎಕ್ಸ್‌ಚೇಂಜ್ ಕೆಪಾಸಿಟಿ). ಅದನ್ನು ಅಳೆಯಲು ದೊಡ್ಡ ಯಂತ್ರವೇನೂ ಬೇಡ. ಮೆಥಿಲೀನ್ ಬ್ಲೂ ಬಣ್ಣ, ಒಂದು ಬ್ಯೂರೆಟ್ (ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ), ಫಿಲ್ಟರ್ ಪೇಪರ್ ಇದ್ದರೆ ನನ್ನ ಕೆಲಸ ನಡೆಯುತ್ತದೆ.

ನೀರು ಕುಡಿದು ಉಬ್ಬುವ ಜೇಡಿ ಬೆಂಟೊನೈಟ್. ಅದರ ಪದರದಲ್ಲಿ ಅಲ್ಯೂಮಿನಿಯಂ ಇರಬೇಕಾದ ಕೆಲವು ಕಡೆ ಮೆಗ್ನೀಸಿಯಂ ಇರುತ್ತದೆ. ಮೆಗ್ನೀಸಿಯಂನ ಧನ ವಿದ್ಯುದಂಶ ಕಡಿಮೆ, ಹಾಗಾಗಿ ಪದರಕ್ಕೆ ಋಣ ವಿದ್ಯುದಂಶ. ಅದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂ ಬಂದು ಅಂಟಿಕೊಂಡಿರುತ್ತವೆ. ಬಣ್ಣದ ಧನ ಅಯಾನು ಅವನ್ನು ಎಬ್ಬಿಸಿ ತಾನು ಕೂರುತ್ತದೆ.

1 ಗ್ರಾಂ ಒಣ ಜೇಡಿ, 0.01 ನಾರ್ಮಲ್ (ಲೀಟರಿಗೆ 0.01 ಈಕ್ವಿವಲೆಂಟ್) ಬಣ್ಣದ ದ್ರಾವಣ ತೆಗೆದುಕೊಂಡರೆ ಖರ್ಚಾದ ಮಿಲಿಲೀಟರೇ ಉತ್ತರ: 100 ಗ್ರಾಂಗೆ ಅಷ್ಟು ಮಿಲಿಈಕ್ವಿವಲೆಂಟ್ (ಅದಲುಬದಲಾಗುವ ವಿದ್ಯುದಂಶದ ಅಳತೆ). ಜೇಡಿಯನ್ನು 105 ಡಿಗ್ರಿಯಲ್ಲಿ ಒಣಗಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ತಣಿಸಿ, ಬೇಗ ತೂಗುತ್ತೇನೆ. ಬೆಂಟೊನೈಟ್ ಗಾಳಿಯ ತೇವ ಹೀರಿ ತಕ್ಕಡಿ ಮೇಲೇ ಭಾರವಾಗುತ್ತದೆ! ಬಣ್ಣದ ಪುಡಿಯಲ್ಲೂ ನೀರಿನಂಶ ಇರುತ್ತದೆ. ಅದನ್ನು ಕಳೆಯದೆ ದ್ರಾವಣ ಮಾಡಿದರೆ ಉತ್ತರ ಜಾಸ್ತಿ ಬರುತ್ತದೆ.

ಜೇಡಿಯನ್ನು ನೀರಿನಲ್ಲಿ ಕದಡಿ, ತೆಳು ಸಲ್ಫ್ಯೂರಿಕ್ ಆಮ್ಲದಿಂದ ಪಿಎಚ್ 3ರ ಆಸುಪಾಸಿಗೆ ತರುತ್ತೇನೆ. ಆಮೇಲೆ ಸ್ವಲ್ಪ ಸ್ವಲ್ಪವೇ ಬಣ್ಣ ಬಿಟ್ಟು, ಕಲಕಿ, ಗಾಜಿನ ಕಡ್ಡಿಯಿಂದ ಪೇಪರ್ ಮೇಲೆ ಒಂದು ಹನಿ. ಮೊದಮೊದಲು ನಡುವೆ ಗಾಢ ನೀಲಿ ಚುಕ್ಕೆ, ಸುತ್ತ ಬರೀ ಒದ್ದೆ. ಬಣ್ಣವನ್ನೆಲ್ಲ ಜೇಡಿ ಹಿಡಿದುಕೊಂಡಿದೆ ಅಂತ ಅರ್ಥ. ಜಾಗ ತುಂಬುತ್ತಾ ಬಂದಾಗ ಚುಕ್ಕೆಯ ಸುತ್ತ ತಿಳಿ ನೀಲಿ ಉಂಗುರ ಮೂಡುತ್ತದೆ. ಅಲ್ಲಿಗೇ ಲೆಕ್ಕ ಬರೆದುಕೊಳ್ಳಬೇಡಿ. ಎರಡು ನಿಮಿಷ ಕಲಕಿ ಇನ್ನೊಂದು ಹನಿ ಇಡಿ. ಎಷ್ಟೋ ಸಲ ಉಂಗುರ ಮಾಯ! ಒಳಪದರಗಳಿಗೆ ನುಗ್ಗಲು ಬಣ್ಣಕ್ಕೂ ಹೊತ್ತು ಬೇಕು, ಅಲ್ವಾ? ಉಂಗುರ ಹಾಗೇ ನಿಂತರೆ ಮಾತ್ರ ಮುಗಿಯಿತು.

ಉಬ್ಬದ ಬಿಳಿ ಜೇಡಿ ಕೆಯೊಲಿನ್ ಸಾಮಾನ್ಯವಾಗಿ 3ರಿಂದ 15 ಮಿಲಿಲೀಟರ್‌ನೊಳಗೆ ಮುಗಿಯುತ್ತದೆ. ಒಳ್ಳೆ ಬೆಂಟೊನೈಟ್‌ಗೆ 80 ದಾಟುವುದರಿಂದ ಬ್ಯೂರೆಟ್ ಮತ್ತೆ ತುಂಬಬೇಕು.

ತೊಡಕು ಇರುವುದು ಕ್ಯಾಲ್ಸಿಯಂ ಬೆಂಟೊನೈಟ್‌ನಲ್ಲಿ. ಅದರ ಪದರಗಳು ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ, ಉತ್ತರ ಕಡಿಮೆ ಬರುತ್ತದೆ. ಅದಕ್ಕೇ ನಾನು ಮೊದಲು 1 ಮೋಲಾರ್ ಸೋಡಿಯಂ ಕ್ಲೋರೈಡ್‌ನಲ್ಲಿ ಮತ್ತೆ ಮತ್ತೆ ಕಲಕಿ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರು ಚೆಲ್ಲುತ್ತೇನೆ. ನಂತರ ಬರೀ ಶುದ್ಧ ನೀರಿನಲ್ಲಿ ತೊಳೆಯುವುದು. ಉಪ್ಪಿರುವಾಗ ಸಲೀಸಾಗಿ ತಳ ಹಿಡಿಯುವ ಜೇಡಿ, ಉಪ್ಪು ಹೋದಂತೆ ಕೆಳಗಿಳಿಯಲು ಒಪ್ಪುವುದೇ ಇಲ್ಲ. ತಾಳ್ಮೆ ಪರೀಕ್ಷೆ ಅಂದರೆ ಇದೇ. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಮಬ್ಬು ಬರದಿದ್ದರೆ ಉಪ್ಪು ಹೋಗಿದೆ.

ಹೊಲದ ಮಣ್ಣಿಗೆ ಈ ದಾರಿ ನನಗೆ ಅಷ್ಟು ಹಿಡಿಸುವುದಿಲ್ಲ. ಕೊಳೆತ ಎಲೆ, ಬೇರಿನ ಅಂಶವೂ ಬಣ್ಣ ಹಿಡಿಯುತ್ತದೆ. ಅಲ್ಲಿ ಬಣ್ಣದ ಬದಲು ಅಮೋನಿಯಂ ಅಯಾನನ್ನು ಕೂರಿಸುವ ಪಿಎಚ್ 7ರ ಅಮೋನಿಯಂ ಅಸಿಟೇಟ್ ವಿಧಾನವೇ ವಾಸಿ. ಆದರೆ ವರ್ಮಿಕ್ಯುಲೈಟ್ ಎಂಬ ಪದರ ಖನಿಜ ಜಾಸ್ತಿ ಇದ್ದರೆ ಅಮೋನಿಯಂ ಪದರಗಳ ನಡುವೆ ಸಿಕ್ಕಿಕೊಂಡು ಲೆಕ್ಕ ಕಡಿಮೆಯಾಗುತ್ತದೆ.